ಬೇಸ್ ಗಿಟಾರಿನ ದಾರಿ ಹಿಡಿದು ‘ಗೀತಾ’ದೊಳಗೆ

ಮಲೆನಾಡಿನ ಜಾವಳಿ ಆಸುಪಾಸಿನ ಯಾವ ಕಾಫಿ ತೋಟದಲ್ಲಾದರೂ ಇದನ್ನು ಪರೀಕ್ಷಿಸಬಹುದು. ಕೊಯ್ಲಿನ ದಿನ ಸಂಜೆ ಹಣ್ಣು ಅಳೆಯುವಾಗ ತೋಟದವರೆಲ್ಲ ಒಂದೆಡೆ ಸೇರಿರುತ್ತಾರಲ್ಲ, ಆಗ ಒಂದು ಧಾಟಿಯನ್ನು ಸುಮ್ಮನೆ ಸಿಳ್ಳೆ ಹಾಕಿ. ಲೆಕ್ಕ ಬರೆಯುವ ರೈಟರು ಪುಸ್ತಕದಿಂದ ತಲೆ ಎತ್ತದೆಯೇ ‘ಜೊತೆಯಲಿ ಜೊತೆಜೊತೆಯಲಿ’ ಎಂದು ಸೇರಿಸಿಕೊಳ್ಳುತ್ತಾರೆ. ಕೂಲಿ ಲೈನಿನಲ್ಲಿ ಎರಡು ಮೂರು ತಲೆಮಾರಿನಿಂದ ನೆಲೆಸಿರುವ ತಮಿಳು ಮನೆಯ ಹೆಂಗಸು ಅದೇ ಧಾಟಿಗೆ ‘ವಿಳಿಯಿಲೆ’ ಎಂದು ಶುರುಮಾಡುತ್ತಾಳೆ. ಅವಳ ಪಾಲಿಗೆ ಅದು 1984ರ ‘ನೂರಾವದು ನಾಳ್’ ಚಿತ್ರದ ಹಾಡು. ಬೆಂಗಳೂರಿನಿಂದ ರಜೆಗೆ ಬಂದ ಸಾಹುಕಾರರ ಮೊಮ್ಮಗಳಿಗೆ ನೆನಪಾಗುವುದು 2007ರ ಹಿಂದಿ ಚಿತ್ರ ‘ಚೀನಿ ಕಮ್’ನಲ್ಲಿ ಶ್ರೇಯಾ ಘೋಷಾಲ್ ಹಾಡಿದ ‘ಜಾನೇ ದೋ ನಾ’. ಮೂವರದೂ ಸರಿಯೇ. ಆದರೆ ಆ ಧಾಟಿ ಮೊದಲು ಕಣ್ಣು ಬಿಟ್ಟದ್ದು ಕನ್ನಡದಲ್ಲಿ, 1981ರಲ್ಲಿ, ಶಂಕರ್ ನಾಗ್ ನಿರ್ದೇಶಿಸಿ ತಾವೇ ನಾಯಕನಾದ ‘ಗೀತಾ’ ಚಿತ್ರದಲ್ಲಿ. ಸಂಗೀತ ಇಳಯರಾಜಾ, ಸಾಹಿತ್ಯ ಚಿ. ಉದಯಶಂಕರ್.

ಕನ್ನಡದಲ್ಲಿ ಕ್ಲಾಸಿಕ್ ರಾಕ್ ಆಲ್ಬಂ ಎಂದು ಕರೆಯಬಹುದಾದದ್ದು ಏನಾದರೂ ಇದೆಯೇ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನೇ. ಸಿನಿಮಾ ಹಾಡುಗಳನ್ನು ಆಲ್ಬಂ ಎನ್ನಬಹುದೇ ಎಂದು ಮೂಗು ಮುರಿಯುವವರು ಇದ್ದಾರೆ. 1981ರ ಇಂಡಿಯಾದಲ್ಲಿ ನಲವತ್ತು ಜನ ವಾದ್ಯಗಾರರನ್ನು ಕೂರಿಸಿ ರೆಕಾರ್ಡ್ ಮಾಡಿಸುವ ದುಡ್ಡು ಇದ್ದದ್ದು ಸಿನಿಮಾದವರ ಹತ್ತಿರ ಮಾತ್ರ. ರಾಕ್ ಬ್ಯಾಂಡುಗಳು ಬೆಂಗಳೂರಿನ ಕಾಲೇಜು ಸಭಾಂಗಣಗಳಲ್ಲಿ ಇಂಗ್ಲಿಷ್ ಹಾಡು ನುಡಿಸುತ್ತಿದ್ದವು. ಗ್ರಾಮಫೋನ್ ತಟ್ಟೆ ಅಚ್ಚಾಗುತ್ತಿದ್ದದ್ದು ಸಿನಿಮಾಕ್ಕೆ. ಹಾಗಾಗಿ ನಮ್ಮ ಪ್ರಯೋಗಗಳೆಲ್ಲ ಸಿನಿಮಾದ ಚೀಟಿ ಅಂಟಿಸಿಕೊಂಡೇ ಹೊರಬಂದಿವೆ. ಅಲ್ಲದೆ ಈ ಚಿತ್ರದ ನಾಯಕನೇ ವೇದಿಕೆ ಮೇಲೆ ಪಾಶ್ಚಾತ್ಯ ಧಾಟಿಯಲ್ಲಿ ಹಾಡಿ ಬದುಕುವ ಗಾಯಕ. ಗಿಟಾರ್, ಡ್ರಮ್ಸ್ ಇಲ್ಲಿ ಕಥೆಯೊಳಗಿನಿಂದಲೇ ಹುಟ್ಟುತ್ತವೆ, ಮೇಲಿನಿಂದ ಸುರಿದ ಒಗ್ಗರಣೆಯಲ್ಲ.

ಹಲವು ಶೈಲಿಗಳನ್ನು ಒಂದೇ ತಟ್ಟೆಗೆ ತುಂಬುವ ಹುಚ್ಚು ರಾಕ್ ಲೋಕದಲ್ಲಿ ಹೊಸತೇನಲ್ಲ. ಬೀಟಲ್ಸ್ 1968ರ ನವೆಂಬರಿನಲ್ಲಿ ಹೊರತಂದ, ಬಿಳಿ ಹೊದಿಕೆಯ ಜೋಡಿ ತಟ್ಟೆಯಲ್ಲಿ ಮೂವತ್ತು ಹಾಡುಗಳಿವೆ. ಹಲವನ್ನು ಅವರು ಕಟ್ಟಿದ್ದು ಹೃಷಿಕೇಶದ ಆಶ್ರಮದಲ್ಲಿ ಕೂತು. ಅದರಲ್ಲಿ ಜಮೈಕಾದ ಕುಣಿತವಿದೆ, ಅಮೆರಿಕದ ಹಳ್ಳಿಹಾಡಿದೆ, ಅಜ್ಜನ ಕಾಲದ ನಾಟಕಶಾಲೆಯ ಹಾಡಿದೆ, ಕಿವಿ ಹರಿಯುವ ಗದ್ದಲವೂ ಇದೆ. ಪಂಚಗನಿಯ ಬೋರ್ಡಿಂಗ್ ಶಾಲೆಯಲ್ಲಿ ಓದಿದ ಫ್ರೆಡ್ಡಿ ಮರ್ಕ್ಯುರಿಯ ಕ್ವೀನ್ ತಂಡ 1975ರಲ್ಲಿ ‘ಎ ನೈಟ್ ಅಟ್ ದಿ ಆಪೆರಾ’ ತಂದಾಗ ಒಂದೇ ಹಾಡಿನೊಳಗೆ ಲಾವಣಿ, ಆಪೆರಾ, ಗಡಸು ರಾಕ್ ಮೂರನ್ನೂ ಕೂಡಿಸಿತು. ಇಂಥ ಆಲ್ಬಮ್ಮುಗಳನ್ನು ಹೊಗಳುವಾಗ ಎಷ್ಟು ಶೈಲಿ ಇದೆ ಎಂದು ಪಟ್ಟಿ ಮಾಡುವುದು ಸುಲಭ. ಇಷ್ಟೆಲ್ಲ ಇದ್ದೂ ಅದು ಸಂತೆಯಾಗದೆ ಒಂದೇ ಮನೆಯಂತೆ ಕೇಳಿಸುವುದು ಹೇಗೆ ಎನ್ನುವುದು ಕಷ್ಟದ ಪ್ರಶ್ನೆ. ‘ಗೀತಾ’ದ ಮಟ್ಟಿಗೆ ನನ್ನ ಉತ್ತರ ಬೇಸ್ ಗಿಟಾರ್. ಮಲೆನಾಡಿನ ನಾವು ವರ್ಷಗಟ್ಟಲೆ ಕೇಳಿಸಿಕೊಳ್ಳದೇ ಹೋದದ್ದೂ ಅದನ್ನೇ.

ಕಾರಣ ಸರಳ. ಈ ಗುಡ್ಡಗಳಿಗೆ ‘ಗೀತಾ’ ಬಂದದ್ದು ರೇಡಿಯೊ ಮೂಲಕ. ಭದ್ರಾವತಿ ಆಕಾಶವಾಣಿಯ ಚಿತ್ರಗೀತೆ, ಕೋರಿಕೆ ಕಾರ್ಯಕ್ರಮಗಳೇ ಮೂಡಿಗೆರೆ, ಕಳಸ, ಕೊಪ್ಪದ ಕಡೆಯ ಮನೆಗಳ ಸಂಗೀತದ ಪಾಠಶಾಲೆ. ಮೀಡಿಯಂ ವೇವ್ ಪ್ರಸಾರ, ಅದೂ ಗುಡ್ಡದ ಮರೆಯಲ್ಲಿ, ಅದೂ ಅಂಗೈಯಷ್ಟಗಲದ ಸ್ಪೀಕರಿನ ಟ್ರಾನ್ಸಿಸ್ಟರಿನಲ್ಲಿ. ಬೇಸ್ ಗಿಟಾರಿನ ಅತ್ಯಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ತಗ್ಗಿನ ದನಿಯನ್ನು ಹೊರಡಿಸಲು ಸಣ್ಣ ಕಾಗದದ ಸ್ಪೀಕರಿಗೆ ತ್ರಾಣವೇ ಇಲ್ಲ. ಮೇಲಿನ ಗೊಣಗು ಮಾತ್ರ ಅಷ್ಟಿಷ್ಟು ಉಳಿಯುತ್ತದೆ. ನಮಗೆ ತಲುಪಿದ್ದು ಗಾಯಕರ ಕಂಠ, ಮೇಲುಸ್ತರದ ವಯಲಿನ್, ಕೊಳಲು, ತಾಳದ ಟಕಟಕ. ಆಮೇಲೆ ಕ್ಯಾಸೆಟ್ ಬಂತು, ಖಾಸಗಿ ಬಸ್ಸುಗಳಲ್ಲಿ ಟೇಪ್ ಬಂತು. ಘಾಟಿಯ ತಿರುವಿನಲ್ಲಿ ಎರಡನೇ ಗೇರಿನ ಇಂಜಿನ್ನು ಕೂಗುವ ದನಿಯೂ ಬೇಸ್‌ನ ಜಾಗದಲ್ಲೇ ಇರುವುದರಿಂದ ಅಲ್ಲಿಯೂ ಅದು ಮುಳುಗಿಹೋಯಿತು. ಹಾಡನ್ನು ಬಾಯಿಪಾಠ ಮಾಡಿದ್ದೇವೆ ಎಂದುಕೊಂಡವರು ಪಾಠ ಮಾಡಿದ್ದು ಮೇಲಿನ ಅರ್ಧವನ್ನು.

ಈಗ ಒಳ್ಳೆಯ ಹೆಡ್‌ಫೋನು ಎಲ್ಲರ ಕೈಯಲ್ಲೂ ಇದೆ. ಒಂದು ಸಲ ಈ ಚಿತ್ರದ ‘ಸಂತೋಷಕ್ಕೆ’ ಹಾಡನ್ನು ಹಾಕಿ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಕಂಠವನ್ನು ಬೇಕೆಂದೇ ಮರೆತು, ಕೆಳಗೆ ಓಡುತ್ತಿರುವ ದನಿಯ ಬೆನ್ನು ಹತ್ತಿ. ಬೇರೆಯದೇ ಹಾಡು ಸಿಗುತ್ತದೆ.

ಆ ಬೇಸ್ ಎಲ್ಲಿಂದ ಬಂತು ಎನ್ನುವ ಕಥೆಯಲ್ಲಿ ಕನ್ನಡದ ಪಾಲು ದೊಡ್ಡದು. 1976ರಲ್ಲಿ ‘ಅನ್ನಕ್ಕಿಳಿ’ ಮೂಲಕ ತಮಿಳಿನಲ್ಲಿ ಇಳಯರಾಜಾ ಹೆಸರು ಮಾಡಿದರು ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೆ ಮುಂಚಿನ ವರ್ಷಗಳಲ್ಲಿ ಅವರು ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿದ್ದರು. ಗಿಟಾರ್, ಆರ್ಗನ್ ನುಡಿಸುತ್ತ, ಸ್ವರ ಬರೆಯುತ್ತ ಪಳಗಿದರು. ಅವರು ದುಡಿದ ಆ ಚಿತ್ರಗಳಲ್ಲಿ ಬಹುಪಾಲು ಕನ್ನಡದವು. ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ಗಳ ವೆಂಕಟೇಶ್ ಎಂದರೆ ನಮಗೆ ಗಂಭೀರ ರಾಗಗಳ ನೆನಪು. ಅದೇ ವೆಂಕಟೇಶ್ ರಾಜಕುಮಾರ್ ಅವರ ಸಿ.ಐ.ಡಿ. 999 ಚಿತ್ರಗಳಿಗೆ ಬಾಂಡ್ ಸಿನಿಮಾಗಳ ಜಾಝ್ ಗತ್ತನ್ನು ತಂದವರು. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಎಮ್ಮೆ ಮೇಲೆ ಕೂತ ಹಳ್ಳಿಗನ ಬಾಯಲ್ಲಿ ‘ಯಾರೇ ಕೂಗಾಡಲಿ’ಯಂಥ ಕುಣಿಯುವ ಹಾಡು ಇಟ್ಟವರು. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ರಾಜಕುಮಾರ್ ಕೈಲಿ ‘ಇಫ್ ಯು ಕಮ್ ಟುಡೇ’ ಎಂಬ ಪೂರಾ ಇಂಗ್ಲಿಷ್ ಹಾಡನ್ನೇ ಹಾಡಿಸಿದವರೂ ಅವರೇ. ಇದನ್ನು ಮೊಬೈಲಿನಲ್ಲಿ ನೋಡಿ ನಗುವ ಹುಡುಗರಿಗೆ ಅದರ ಹಿಂದಿನ ವಾದ್ಯಗಾರಿಕೆ ಎಷ್ಟು ಅಚ್ಚುಕಟ್ಟು ಎಂದು ಯಾರಾದರೂ ಹೇಳಬೇಕು.

ಆ ಗರಡಿಯಲ್ಲಿ ಇಳಯರಾಜಾ ಕಲಿತದ್ದು ಇಂಥ ಎದೆಗಾರಿಕೆಯನ್ನು. ಪಣ್ಣೈಪುರದ ಹಳ್ಳಿಯಿಂದ ಅಣ್ಣ ಪಾವಲರ್ ವರದರಾಜನ್ ತಂಡದ ಜೊತೆ ಊರೂರು ತಿರುಗಿ ಹಾಡಿದ ಜನಪದ ಅವರೊಳಗೆ ಮೊದಲೇ ಇತ್ತು. ಮದ್ರಾಸಿನಲ್ಲಿ ಧನರಾಜ್ ಮಾಸ್ತರರ ಹತ್ತಿರ ಬಾಖ್, ಮೊಜಾರ್ಟ್‌ರ ಪಾಠವಾಯಿತು. ಮೂರೂ ಒಬ್ಬನೇ ಮನುಷ್ಯನಲ್ಲಿ ಕೂಡಿಕೊಂಡಿದ್ದು ಕನ್ನಡ ಹಾಡುಗಳ ರೆಕಾರ್ಡಿಂಗ್ ಕೋಣೆಯ ದಿನಗೂಲಿಯಲ್ಲಿ. ಅವರು ಸ್ವತಂತ್ರರಾಗಿ ಸಂಗೀತ ಕೊಟ್ಟ ಮೊದಲ ಕನ್ನಡ ಚಿತ್ರ 1978ರ ‘ಮಾತು ತಪ್ಪದ ಮಗ’. ಬಳಿಕ 1980ರಲ್ಲಿ ಶಂಕರ್ ನಾಗ್ ಅವರ ‘ಜನ್ಮ ಜನ್ಮದ ಅನುಬಂಧ’. ‘ತಂಗಾಳಿಯಲ್ಲಿ ನಾನು’ ಎಂಬ ಒಂದು ಹಾಡು ಸಾಕು, ಆ ಇಬ್ಬರಿಗೂ ಎಷ್ಟು ಹೊಂದಿಕೆಯಾಯಿತು ಎನ್ನಲು.

ಕಾಲವೂ ಕೂಡಿಬಂದಿತ್ತು. ಇಲ್ಲಿ ಪಕ್ಕದ ಕೊಡಗಿನವರಿಗೆ ಸಲ್ಲಬೇಕಾದ ಒಂದು ಪಾಲಿದೆ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಕೊಡವ ಮನೆತನದ ಬಿದ್ದು ಅಪ್ಪಯ್ಯ, ಊರಿನಲ್ಲಿ ‘ಟ್ರೋಜನ್ಸ್’ ಎಂಬ ತಂಡ ಕಟ್ಟಿಕೊಂಡು ಹಾಡುತ್ತಿದ್ದವರು, ಲಂಡನ್ನಿಗೆ ಹೋಗಿ 1974ರಲ್ಲಿ ಕಾರ್ಲ್ ಡಗ್ಲಸ್‌ರ ‘ಕುಂಗ್ ಫು ಫೈಟಿಂಗ್’ ಎಂಬ ಡಿಸ್ಕೊ ಹಾಡನ್ನು ನಿರ್ಮಿಸಿ ಜಗತ್ತನ್ನೇ ಕುಣಿಸಿದರು. 1980ರಲ್ಲಿ ಅವರ ಕೈಯಿಂದಲೇ ‘ಕುರ್ಬಾನಿ’ ಚಿತ್ರದ ‘ಆಪ್ ಜೈಸಾ ಕೋಯಿ’ ಬಂತು. ಇಂಡಿಯಾದ ಮೂಲೆ ಮೂಲೆಗೆ ಡಿಸ್ಕೊ ಮುಟ್ಟಿತು. ಅದೇ ವರ್ಷ ‘ಕರ್ಜ್’ನಲ್ಲಿ ನಾಯಕ ವೇದಿಕೆ ಗಾಯಕನಾದ. 1982ರಲ್ಲಿ ‘ಡಿಸ್ಕೊ ಡ್ಯಾನ್ಸರ್’. ಇವೆರಡರ ನಡುವೆ ಬಂದದ್ದು ‘ಗೀತಾ’. ಹಿಂದಿಯ ಚಿತ್ರಗಳು ಹೊಳೆಯುವ ಬಟ್ಟೆ, ಬಣ್ಣದ ದೀಪಗಳ ಹಿಂದೆ ಓಡಿದವು. ಕನ್ನಡದ್ದು, ಆ ದೀಪ ಆರಿದ ಮೇಲೆ ಗಾಯಕ ಮನೆಯಲ್ಲಿ ಯಾವ ಹಾಡು ಹಾಡುತ್ತಾನೆ ಎಂದು ಕೇಳಿತು.

ಕಥೆ ಸಣ್ಣದು. ಗಾಯಕನೊಬ್ಬ ಗೀತಾ ಎಂಬ ಹುಡುಗಿಯನ್ನು ಪ್ರೀತಿಸುತ್ತಾನೆ, ಅವಳಿಗೆ ರಕ್ತದ ಕ್ಯಾನ್ಸರ್. ಗೀತಾ ಆಗಿ ನಟಿಸಿದವರು ಅಕ್ಷತಾ ರಾವ್, ಅಂದರೆ ಅರುಂಧತಿ ನಾಗ್ ಅವರ ತಂಗಿ ಪದ್ಮಾವತಿ ರಾವ್. ಇಂಥ ಕಥೆಗಳು ಆ ದಶಕದಲ್ಲಿ ದೇಶವಿದೇಶಗಳಲ್ಲೆಲ್ಲ ಬಂದಿದ್ದವು. ‘ಗೀತಾ’ ಉಳಿದದ್ದು ಸಂಗೀತದಿಂದ.

‘ಸಂತೋಷಕ್ಕೆ’ಯಿಂದ ಶುರುಮಾಡೋಣ. ನಮ್ಮ ಭಜನೆಯ ಚಪ್ಪಾಳೆ ಮೊದಲನೇ ಎಣಿಕೆಗೆ ಬೀಳುತ್ತದೆ. ರಾಕ್ ಸಂಗೀತದಲ್ಲಿ ನಾಲ್ಕರ ಎಣಿಕೆ ಹಾಕಿದರೆ ಸ್ನೇರ್ ಡ್ರಮ್ಮಿನ ಏಟು ಎರಡಕ್ಕೂ ನಾಲ್ಕಕ್ಕೂ ಬೀಳುತ್ತದೆ. ಮೈ ಹಿಂದಕ್ಕೆ ಮುಂದಕ್ಕೆ ತೂಗುವುದು ಈ ತಿರುಗುಮುರುಗಿನಿಂದ. ಶಾಲಾ ವಾರ್ಷಿಕೋತ್ಸವದಲ್ಲಿ ಈ ಹಾಡಿಗೆ ಮಕ್ಕಳು ಕುಣಿಯುವಾಗ ಸಭೆಯನ್ನು ನೋಡಿ: ಹಿರಿಯರು ಒಂದಕ್ಕೆ ಚಪ್ಪಾಳೆ ಹಾಕುತ್ತಾರೆ, ಹುಡುಗರು ಎರಡಕ್ಕೆ. ಹಾಡು ಇಬ್ಬರನ್ನೂ ಹೊತ್ತು ನಡೆಯುತ್ತದೆ. ಡ್ರಮ್ಸ್ ರಾಕ್‌ನ ಲೆಕ್ಕ ಹಿಡಿದರೆ, ಮೇಲಿನ ಧಾಟಿ ಮಾತ್ರ ನಮ್ಮವರು ಒಂದೇ ಸಲ ಕೇಳಿ ಗುನುಗುವಷ್ಟು ನಮ್ಮದು. ನಡುವೆ ಬೇಸ್ ಇದೆ. ಅದು ಒಂದೇ ಸ್ವರದ ಮೇಲೆ ದಬದಬ ಎನ್ನುತ್ತ ನಿಂತುಕೊಳ್ಳುವುದಿಲ್ಲ. ಡ್ರಮ್ಮಿನ ಲಯವನ್ನೂ ಹಾಡಿನ ಧಾಟಿಯನ್ನೂ ಎರಡು ಕೈಯಲ್ಲಿ ಹಿಡಿದುಕೊಂಡು ಏರಿಳಿಯುತ್ತದೆ.

ಉದಯಶಂಕರ್ ಅವರ ಕಸುಬುದಾರಿಕೆಯನ್ನೂ ಇಲ್ಲೇ ನೋಡಬೇಕು. ‘ಸಂತೋಷಕ್ಕೆ’ ಎಂಬುದನ್ನು ಛಂದಸ್ಸಿನ ಲೆಕ್ಕಕ್ಕೆ ಇಳಿಸಿದರೆ ಒಂದರ ಹಿಂದೊಂದು ಮೂರು ಗುರು, ಕೊನೆಗೊಂದು ಒತ್ತಕ್ಷರದ ಏಟು. ಇಂಗ್ಲಿಷಿನ ರಾಕ್ ಹಾಡಿನ ಸಾಲುಗಳು ಚಿಕ್ಕ ಚಿಕ್ಕ ಮಾತುಗಳನ್ನು ಗುದ್ದಿ ಹೇಳುವಂಥವು. ಕನ್ನಡದ ಉದ್ದುದ್ದ ಪದಗಳು ಅದಕ್ಕೆ ಒಗ್ಗುವುದಿಲ್ಲ ಎಂದು ಹೇಳುತ್ತಿದ್ದವರಿದ್ದರು. ಒತ್ತಕ್ಷರಗಳೇ ಕನ್ನಡದ ಸ್ನೇರ್ ಡ್ರಮ್ಮು ಎಂದು ಅವರು ಬರೆದು ತೋರಿಸಿದರು. ರಾಜಕುಮಾರ್ ಚಿತ್ರಗಳಿಗೆ ನೀತಿಯ, ಭಕ್ತಿಯ ಹಾಡು ಬರೆದ ಪೆನ್ನೇ ಇದನ್ನೂ ಬರೆಯಿತು. ಸಾಹಿತ್ಯದ ವಿಮರ್ಶಕರು ಇಂಥದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ, ಇರಲಿ.

ಇನ್ನು ಎಸ್‌ಪಿಬಿ. 1967ರಲ್ಲಿ ‘ನಕ್ಕರೆ ಅದೇ ಸ್ವರ್ಗ’ದಿಂದ ಕನ್ನಡದಲ್ಲಿ ಹಾಡುತ್ತ ಬಂದವರು ‘ಗೀತಾ’ದ ಹೊತ್ತಿಗೆ ಪೂರ್ತಿ ಪಳಗಿದ್ದರು. ‘ಸಂತೋಷಕ್ಕೆ’ಯಲ್ಲಿ ಅವರು ಗಂಟಲನ್ನು ಸ್ವಲ್ಪ ಒರಟು ಮಾಡಿಕೊಳ್ಳುತ್ತಾರೆ, ಸಾಲಿನ ತುದಿಯನ್ನು ಎಸೆದುಬಿಡುತ್ತಾರೆ, ನಡುವೆ ಕೂಗುತ್ತಾರೆ, ನಗುತ್ತಾರೆ. ‘ಕೇಳದೆ ನಿಮಗೀಗ’ದಲ್ಲಿ ಇದರ ಗಾಳಿಯೂ ಇಲ್ಲ. ಎಲ್ಲಿಂದಲೋ ತೇಲಿ ಬರುವ ಹಾಡಿನ ಬಗ್ಗೆಯೇ ಇರುವ ಹಾಡದು. ಅಲ್ಲಿ ಸ್ವರ ಮುಂದಕ್ಕೆ ಬಾಗುವುದಿಲ್ಲ, ಹಿಂದಕ್ಕೆ ಸರಿದು ನಿಲ್ಲುತ್ತದೆ. ಎರಡನ್ನೂ ಬೆನ್ನುಬೆನ್ನಿಗೆ ಹಾಕಿ ಕೇಳಿದರೆ ವೇದಿಕೆಯ ಮನುಷ್ಯ, ಮನೆಯ ಮನುಷ್ಯ ಇಬ್ಬರೂ ಕಾಣುತ್ತಾರೆ. ಈ ಆಲ್ಬಮ್ಮಿನ ಶೈಲಿಗಳ ಹಂಚಿಕೆ ಇರುವುದು ಹೀಗೆ: ಜನರ ಮುಂದೆ ಹಾಡುವಾಗ ವಿದ್ಯುತ್ ಗಿಟಾರು, ಡ್ರಮ್ಸು, ಒಬ್ಬಳಿಗಾಗಿ ಹಾಡುವಾಗ ತಂತಿ, ಕೊಳಲು, ಯಾರಿಗೂ ಅಲ್ಲದೆ ಹಾಡಿಕೊಳ್ಳುವಾಗ ಹೆಚ್ಚುಕಡಿಮೆ ಕಂಠವೊಂದೇ. ಶೈಲಿ ಬದಲಾಗುವುದು ಸಂಯೋಜಕನ ಚಪಲದಿಂದಲ್ಲ, ಯಾರಿಗೆ ಹಾಡುತ್ತಿದ್ದಾನೆ ಎನ್ನುವುದರಿಂದ. ಸೊಗಸಿದ್ದೂ ಬೀಟಲ್ಸ್‌ರ ಬಿಳಿ ತಟ್ಟೆಯಲ್ಲಿ ಇಲ್ಲದ್ದು ಈ ಶಿಸ್ತು. ಹೀಗೆಂದರೆ ಆ ತಂಡದ ಅಭಿಮಾನಿಗಳು ಸಿಟ್ಟಾಗುತ್ತಾರೆ, ಆಗಲಿ.

‘ಜೊತೆಯಲಿ’ಗೆ ಬರುವ ಮುಂಚೆ ಕಾರ್ಡ್ ಎಂದರೇನು ಎಂದು ಒಂದು ಮಾತು. ಕರ್ನಾಟಕ ಸಂಗೀತದಲ್ಲಿ ತಂಬೂರಿ ಒಂದೇ ಶ್ರುತಿ ಹಿಡಿದು ಕೂತಿರುತ್ತದೆ. ನೆಲ ಅಲುಗುವುದಿಲ್ಲ, ಗಾಯಕ ಅದರ ಮೇಲೆ ನಡೆಯುತ್ತಾನೆ. ಪಾಶ್ಚಾತ್ಯದಲ್ಲಿ ನೆಲವೇ ಸರಿಯುತ್ತದೆ. ನೀವು ಷಡ್ಜ ಹಿಡಿದು ನಿಂತಿದ್ದೀರಿ ಎನ್ನಿ. ಕೆಳಗೆ ಸ, ಗ, ಪ ಮೂರೂ ಕೂಡಿ ನುಡಿದರೆ ಮನೆಗೆ ಬಂದು ಮುಟ್ಟಿದಂತಾಗುತ್ತದೆ. ನೀವು ಸ್ವರ ಬದಲಿಸಲೇ ಇಲ್ಲ, ಕೆಳಗೆ ಧ, ಸ, ಗ ನುಡಿಯಿತು. ಅದೇ ಷಡ್ಜಕ್ಕೆ ಈಗ ದುಗುಡದ ಬಣ್ಣ. ಮ, ಧ, ಸ ನುಡಿದರೆ ಎದುರಿಗೆ ಬಯಲು ತೆರೆದಂತೆ. ಹಾಡುವವನು ಕದಲದೆಯೇ ಭಾವ ಮೂರು ಸಲ ತಿರುಗಿತು. ಇದು ಎಷ್ಟು ಸೊಗಸೋ ಅಷ್ಟೇ ಅಪಾಯ. ನಮ್ಮ ಧಾಟಿಯ ಕೆಳಗೆ ಸಿಕ್ಕಸಿಕ್ಕ ಕಾರ್ಡು ಜೋಡಿಸಿದರೆ ರಾಗದ ಜೀವ ಹೋಗುತ್ತದೆ. ‘ಫ್ಯೂಷನ್’ ಎಂಬ ಹಣೆಪಟ್ಟಿಯ ಅರ್ಧದಷ್ಟು ಸಂಗೀತ ಸತ್ತಿರುವುದು ಹೀಗೆ. ಕಾರ್ಡಿನ ಎಲ್ಲ ಸ್ವರಗಳನ್ನೂ ಒಟ್ಟಿಗೆ ಬಡಿಯದೆ, ಅದರ ಬುಡದ ಸ್ವರವನ್ನಷ್ಟೇ ಬೇಸ್ ಗಿಟಾರಿಗೆ ಕೊಟ್ಟು, ಅದನ್ನೂ ಹಾಡುವಂತೆ ಓಡಿಸಿದರೆ ರಾಗಕ್ಕೆ ಉಸಿರಾಡಲು ಜಾಗ ಸಿಗುತ್ತದೆ. ಆ ವರ್ಷಗಳ ಇಳಯರಾಜಾ ಹಾಡುಗಳ ಗುಟ್ಟಿನ ದೊಡ್ಡ ಭಾಗ ಇಷ್ಟೇ.

‘ಜೊತೆಯಲಿ’ಯಲ್ಲಿ ಎಸ್‌ಪಿಬಿ, ಎಸ್. ಜಾನಕಿ ಇಬ್ಬರು ಹಾಡುತ್ತಾರೆ. ಮೂರನೆಯ ಗಾಯಕ ಬೇಸ್ ಎಂದುಕೊಂಡು ಕೇಳಿ. ಕಂಠ ಒಂದು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವ ಕಡೆ ಬೇಸ್ ಎರಡು ಹೆಜ್ಜೆ ಹೆಚ್ಚು ಹಾಕುತ್ತದೆ. ಕಂಠ ಏರಿದರೆ ಇದು ಇಳಿಯುತ್ತದೆ. ಇಬ್ಬರು ಬೇರೆ ಬೇರೆ ಮಾತಾಡುತ್ತಿದ್ದರೂ ಜಗಳವಾಗದ ಈ ಕಲೆಯನ್ನು ಪಾಶ್ಚಾತ್ಯರು ಕೌಂಟರ್‌ಪಾಯಿಂಟ್ ಎನ್ನುತ್ತಾರೆ, ಬಾಖ್ ಅದರ ದೊಡ್ಡ ಗುರು. 1986ರಲ್ಲಿ ಇಳಯರಾಜಾ ‘ಹೌ ಟು ನೇಮ್ ಇಟ್’ ಎಂಬ ವಾದ್ಯ ಆಲ್ಬಂ ಮಾಡಿ ಅದನ್ನು ಬಾಖ್‌ಗೂ ತ್ಯಾಗರಾಜರಿಗೂ ಅರ್ಪಿಸಿದಾಗ ವಿದ್ವಾಂಸರು ಬೆರಗಾದರು. ‘ಜೊತೆಯಲಿ’ಯನ್ನು ಗಮನವಿಟ್ಟು ಕೇಳಿದ್ದವರಿಗೆ ಬೆರಗಾಗಲು ಕಾರಣವಿರಲಿಲ್ಲ. ಐದು ವರ್ಷ ಮುಂಚೆಯೇ ಅದು ಆಗಿತ್ತು, ಹಣ್ಣು ಅಳೆಯುವವರ ಬಾಯಲ್ಲೂ ಇತ್ತು.

ಪಲ್ಲವಿ ಮತ್ತು ಚರಣಗಳ ನಡುವೆ ಹಾಡುಗಾರರು ಸುಮ್ಮನಿರುವ ಭಾಗವನ್ನೂ ಬಿಡದೆ ಕೇಳಬೇಕು. ಹೆಚ್ಚಿನ ಸಂಗೀತ ನಿರ್ದೇಶಕರು ಎರಡು ಚರಣಗಳ ಮೊದಲೂ ಒಂದೇ ವಾದ್ಯಭಾಗವನ್ನು ನುಡಿಸಿ ಕೈ ತೊಳೆದುಕೊಳ್ಳುತ್ತಿದ್ದ ಕಾಲವದು. ಇಳಯರಾಜಾ ಎರಡಕ್ಕೂ ಬೇರೆ ಬೇರೆ ಬರೆಯುತ್ತಿದ್ದರು. ಬಾಯಲ್ಲಿ ಹೇಳಿಕೊಡುವುದು ಅವರ ಪದ್ಧತಿಯಲ್ಲ. ಪ್ರತಿ ವಾದ್ಯಕ್ಕೂ ಪಾಶ್ಚಾತ್ಯ ಸ್ವರಲಿಪಿಯಲ್ಲಿ ಕೈಯಿಂದಲೇ ಹಾಳೆ ಬರೆದು ಹಂಚುವರು. ವಾದ್ಯಗಾರರು ಎದುರಿಗಿಟ್ಟುಕೊಂಡು ನುಡಿಸುವರು. ಆ ದಶಕದ ಅವರ ತಂಡದಲ್ಲಿ ಬೇಸ್‌ಗೆ ಶಶಿಧರನ್, ಡ್ರಮ್ಸ್‌ಗೆ ಪುರುಷೋತ್ತಮನ್, ಗಿಟಾರ್‌ಗೆ ಸದಾನಂದಂ, ಕೀಬೋರ್ಡಿಗೆ ವಿಜಿ ಮ್ಯಾನುಯೆಲ್ ಅಂಥವರಿದ್ದರು. ತಟ್ಟೆಯ ಮೇಲೆ ಇವರ ಹೆಸರು ಬರುತ್ತಿರಲಿಲ್ಲ. ಗಾಯಕ, ಕವಿ, ನಿರ್ದೇಶಕರಿಗೆ ಸನ್ಮಾನಗಳಾದವು. ಕನ್ನಡಿಗರ ಎರಡು ತಲೆಮಾರು ಕುಣಿದದ್ದು ಈ ಅನಾಮಿಕರ ಬೆರಳಿಗೆ.

ನಮ್ಮ ಕಡೆ ಮಳೆ ಹಿಡಿಯುವ ಮುಂಚೆ ಮರಗಸಿ ಮಾಡಿಸುತ್ತಾರೆ. ಕಾಫಿ ಗಿಡಕ್ಕೆ ನೆರಳೂ ಬೇಕು, ಬಿಸಿಲೂ ಬೇಕು. ಮೇಲಿನ ಅತ್ತಿ, ಬಸರಿ, ಹಲಸಿನ ಕೊಂಬೆಗಳಲ್ಲಿ ಯಾವುದನ್ನು ಕಡಿಯಬೇಕು, ಯಾವುದನ್ನು ಬಿಡಬೇಕು ಎನ್ನುವುದು ನುರಿತ ಮರಗಸಿಯವನ ಕಣ್ಣಿಗೆ ಮಾತ್ರ ಗೊತ್ತು. ಮೇಲೆ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಅರೇಬಿಕಾ, ಇನ್ನೂ ತಗ್ಗಿನ ತಂಪಿನಲ್ಲಿ ಏಲಕ್ಕಿ, ಎಲ್ಲಕ್ಕೂ ಬೆಳಕು ಸೋರಿ ಇಳಿಯಬೇಕು. ‘ಗೀತಾ’ದ ವಾದ್ಯ ಸಂಯೋಜನೆಯಲ್ಲಿ ನನಗೆ ಕಾಣುವುದು ಆ ಕಣ್ಣು. ಕಂಠ ಬಂದಾಗ ವಯಲಿನ್‌ಗಳು ತೆಳುವಾಗುತ್ತವೆ, ಕೊಳಲು ಬಂದಾಗ ಗಿಟಾರು ಸರಿಯುತ್ತದೆ, ಬುಡದ ಬೇಸ್‌ವರೆಗೂ ಬೆಳಕು ಮುಟ್ಟುತ್ತದೆ.

ಎಲ್ಲ ಕಡೆಯೂ ಹೀಗೆ ಆಗಿದೆ ಎಂದು ಹೇಳಲಾರೆ. ದುಃಖದ ಹಾಡು ‘ನನ್ನ ಜೀವ ನೀನು’ ನನಗೆ ಸ್ವಲ್ಪ ಭಾರವೆನಿಸುತ್ತದೆ. ನಾವು ಅಳುವ ಮುಂಚೆ ವಾದ್ಯಗಳು ಅತ್ತುಬಿಡುತ್ತವೆ. ಆ ಹಾಡನ್ನು ಎತ್ತಿ ನಿಲ್ಲಿಸುವುದು ಎಸ್‌ಪಿಬಿಯ ಸಂಯಮ. ‘ಏನೇ ಕೇಳು’ ಸಲೀಸಾಗಿ ಹರಿದು ಹೋಗುತ್ತದೆ, ಮತ್ತೆ ಮತ್ತೆ ಕರೆಯುವುದಿಲ್ಲ. ಆದರೆ ಯಾವ ದೊಡ್ಡ ಆಲ್ಬಮ್ಮಿನಲ್ಲೂ ಇಂಥ ಒಂದೆರಡು ಇರುತ್ತವೆ. ಕ್ವೀನ್ ತಂಡದ ಆ ತಟ್ಟೆಯಲ್ಲಿ ಕಾರಿನ ಮೇಲೆ ಪ್ರೇಮಗೀತೆ ಹಾಡುವ ಒಂದು ಹಾಡಿದೆ, ಅದನ್ನೂ ಅಭಿಮಾನಿಗಳು ಸಹಿಸಿಕೊಂಡಿದ್ದಾರೆ.

ಈ ಆಲ್ಬಮ್ಮಿನ ಹಿಂದಿನ ಧೈರ್ಯದಲ್ಲಿ ಶಂಕರ್ ನಾಗ್ ಪಾಲು ಎಷ್ಟು? ಅವರು ಸಂಗೀತಗಾರರಲ್ಲ. ಹೊನ್ನಾವರದ ಮಲ್ಲಾಪುರದಲ್ಲಿ ಹುಟ್ಟಿ, ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ದುಡಿದು, 1978ರ ‘ಒಂದಾನೊಂದು ಕಾಲದಲ್ಲಿ’ಯಿಂದ ಕನ್ನಡಕ್ಕೆ ಬಂದವರು. ಆದರೆ ದನಿಯ ಬೆಲೆ ಗೊತ್ತಿದ್ದ ನಿರ್ದೇಶಕ. ಕನ್ನಡದ ಹೆಚ್ಚಿನ ಹಾಡುಗಳು ಮದ್ರಾಸಿಗೆ ಹೋಗಿ ರೆಕಾರ್ಡ್ ಆಗಿ ಬರುತ್ತಿದ್ದ ಕಾಲದಲ್ಲಿ ಬೆಂಗಳೂರಿನಲ್ಲೇ ‘ಸಂಕೇತ್’ ಧ್ವನಿಮುದ್ರಣ ಸ್ಟುಡಿಯೊ ಕಟ್ಟಲು ಹೊರಟದ್ದು ಈ ಮನುಷ್ಯನೇ. 1985ರ ‘ಆ್ಯಕ್ಸಿಡೆಂಟ್’ನಲ್ಲಿ ಅವರು ಮತ್ತೆ ಇಳಯರಾಜಾರನ್ನು ಕರೆದರು, ಈ ಸಲ ಒಂದೂ ಹಾಡಿಲ್ಲದ ಚಿತ್ರಕ್ಕೆ. ಅಷ್ಟು ಬೇಡಿಕೆಯ ಸಂಗೀತ ನಿರ್ದೇಶಕನನ್ನು ಕೂರಿಸಿಕೊಂಡು ಹಾಡು ಬೇಡ ಎನ್ನುವುದಕ್ಕೂ ಎದೆ ಬೇಕು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅಪಘಾತವಾಗಿ ಅವರು ಹೋದಾಗ ವಯಸ್ಸು ಮೂವತ್ತಾರು ಕೂಡ ತುಂಬಿರಲಿಲ್ಲ. ಆಟೊಗಳ ಹಿಂಬದಿಯಲ್ಲಿ ಅವರ ಚಿತ್ರ ಉಳಿದಂತೆ ಆರ್ಕೆಸ್ಟ್ರಾಗಳ ಕೊನೆಯ ಹಾಡಾಗಿ ‘ಸಂತೋಷಕ್ಕೆ’ ಉಳಿಯಿತು.

ಇಳಯರಾಜಾ ಕನ್ನಡದಲ್ಲಿ ಮುಂದೆಯೂ ಬರೆದರು. ‘ಗೀತಾ’ ಬಂದ ವರ್ಷವೇ ರಾಜಕುಮಾರ್ ಅವರ ‘ನೀ ನನ್ನ ಗೆಲ್ಲಲಾರೆ’, ಎರಡು ವರ್ಷದ ಬಳಿಕ ಮಣಿರತ್ನಂ ಅವರ ಮೊಟ್ಟಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’. ಆ ಚಿತ್ರದ ಗಿಟಾರ್ ಸ್ವರಗುಚ್ಛ ಕಾಲು ಶತಮಾನ ಕಳೆದ ಮೇಲೆ ಐಡಿಯಾ ಮೊಬೈಲ್ ಕಂಪನಿಯ ಜಾಹೀರಾತಾಗಿ ದೇಶದ ಜೇಬು ಜೇಬಿನಲ್ಲೂ ಬಡಿದುಕೊಂಡಿತು. 2025ರ ಮಾರ್ಚ್ 8ರಂದು ಲಂಡನ್ನಿನಲ್ಲಿ ಅವರ ಸಿಂಫನಿ ‘ವೇಲಿಯಂಟ್’ ನುಡಿಸಲಾಯಿತು. ಪತ್ರಿಕೆಗಳೆಲ್ಲ ಪಣ್ಣೈಪುರದಿಂದ ಲಂಡನ್‌ವರೆಗೆ ಎಂದು ಗೆರೆ ಎಳೆದವು. ನಡುವಿನ ಕನ್ನಡದ ನಿಲ್ದಾಣವನ್ನು ಹೆಚ್ಚಿನವರು ಮರೆತರು.

ಹಾಡು ಹಳೆಯದಾದಂತೆ ಅದಕ್ಕೆ ಹೊಸ ಬಟ್ಟೆ ತೊಡಿಸುವವರೂ ಬಂದಿದ್ದಾರೆ. ಊರ ಹಬ್ಬದ ಆರ್ಕೆಸ್ಟ್ರಾದವರಿಗೆ ಬೇಸ್ ನುಡಿಸಲು ಪ್ರತ್ಯೇಕ ಆಳಿಡುವುದು ಕಟ್ಟುವುದಿಲ್ಲ; ಕೀಬೋರ್ಡಿನವನೇ ಎಡಗೈಯಲ್ಲಿ ಎರಡು ಸ್ವರ ಒತ್ತಿ ಸುಧಾರಿಸುತ್ತಾನೆ, ರಿದಂ ಪ್ಯಾಡಿನವನು ವೇಗ ಹೆಚ್ಚಿಸುತ್ತಾನೆ. ಡಿಜೆಗಳ ರೀಮಿಕ್ಸಿನಲ್ಲಿ ಆಳೆತ್ತರದ ಸ್ಪೀಕರಿದೆ, ಎದೆ ನಡುಗುವಷ್ಟು ತಗ್ಗಿನ ದನಿಯೂ ಇದೆ. ಆದರೆ ಅದು ಒಂದೇ ಸ್ವರದ ಗುದ್ದು, ನಡೆಯುವ ಬೇಸ್ ಅಲ್ಲ. ರೇಡಿಯೊದಲ್ಲಿ ಸ್ಪೀಕರಿಗೆ ತ್ರಾಣವಿಲ್ಲದೆ ಹೋಯಿತು. ಈಗ ಸ್ಪೀಕರಿದೆ, ಸ್ವರಗಳನ್ನು ಕಿತ್ತು ಹಾಕಿದ್ದಾರೆ. ಹಾಗಾಗಿ ಕೇಳುವುದಾದರೆ 1981ರ ಮೂಲವನ್ನೇ ಹುಡುಕಿ ಹಾಕಿಕೊಳ್ಳಿ. ಮೊದಲು ‘ಸಂತೋಷಕ್ಕೆ’, ಆಮೇಲೆ ‘ಕೇಳದೆ ನಿಮಗೀಗ’, ‘ಜೊತೆಯಲಿ’ಯನ್ನು ಕೊನೆಗಿಟ್ಟುಕೊಳ್ಳಿ, ಅದನ್ನು ಎರಡು ಸಲ ಕೇಳಿ, ಎರಡನೆಯ ಸಲ ಹಾಡುವ ಇಬ್ಬರನ್ನೂ ಬಿಟ್ಟು.